ಕೋಳಿಗೆ ಕಲ್ಲು ಬೇಕು, ದನಕ್ಕೆ ಮೊಳೆ ಬೇಡ

ಅಂಗಳದ ಕೋಳಿ ಸಣ್ಣ ಹರಳುಕಲ್ಲು ಹೆಕ್ಕಿ ನುಂಗುವುದನ್ನು ನೋಡಿದ್ದೀರಲ್ಲ? ಅದಕ್ಕೆ ಹಲ್ಲಿಲ್ಲ. ಕಾಳು ಮೊದಲು ಕತ್ತಿನ ಬುಡದ ಚೀಲದಲ್ಲಿ ನೆನೆಯುತ್ತದೆ. ಮುಂದೆ ದಪ್ಪ ಮಾಂಸದ ಜಠರದಲ್ಲಿ ಆ ಹರಳುಗಳ ನಡುವೆ ಸಿಕ್ಕಿ ನುರಿಯುತ್ತದೆ. ಬೀಸುಕಲ್ಲು ಹೊಟ್ಟೆಯೊಳಗೇ ಇದೆ ಅನ್ನಿ!

ದನದ ಲೆಕ್ಕ ಬೇರೆ. ಅದರ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ನಾಲಗೆಯಿಂದ ಸುತ್ತಿ ಎಳೆದು ಗಬಗಬ ನುಂಗುತ್ತದೆ. ಸರಿಯಾಗಿ ಅಗಿಯುವುದು ಆಮೇಲೆ, ಮೆಲುಕು ಹಾಕುವಾಗ. ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೊದಲನೆಯದು 100 ಲೀಟರಿಗೂ ಮಿಕ್ಕಿ ಹಿಡಿಯುವ ಹಂಡೆ. ಬೈಹುಲ್ಲಿನ ನಾರನ್ನು ಆಹಾರ ಮಾಡಿಕೊಡುವುದು ಅದರೊಳಗಿನ ಸೂಕ್ಷ್ಮಜೀವಿಗಳು. ನಮಗೂ ಹಂದಿಗೂ ಒಂದೇ ಕೋಣೆ. ಬೈಹುಲ್ಲು ತಿಂದು ಬದುಕಲಾಗದು.

ಇದು ತಿಳಿದರೆ ಎರಡು ಎಚ್ಚರಿಕೆ ತಾನಾಗಿಯೇ ಬರುತ್ತದೆ.

ಒಂದು: ಹುಲ್ಲಿನಲ್ಲಿ, ಅಕ್ಕಚ್ಚಿನಲ್ಲಿ ಸೇರಿದ ಮೊಳೆ, ತಂತಿ ಎರಡನೇ ಕೋಣೆಯಲ್ಲಿ ಉಳಿಯುತ್ತದೆ. ಅದರ ಮುಂದೆ ತೆಳುವಾದ ವಪೆ, ಅದರಾಚೆಗೆ ಹೃದಯ! ಚುಚ್ಚಿದರೆ ದನ ಮೇವು ಬಿಡುತ್ತದೆ, ಬೆನ್ನು ಗೂನು ಮಾಡಿ ನಿಲ್ಲುತ್ತದೆ. ಆಡಿಗೂ ನಾಲ್ಕು ಕೋಣೆಯೇ. ಆದರೆ ಅದು ತುಟಿಯಿಂದ ಆಯ್ದು ತಿನ್ನುವ ಕಾರಣ ಈ ತೊಂದರೆ ಕಡಿಮೆ.

ಎರಡು: ಅನ್ನ, ಹಲಸಿನ ಹಣ್ಣು ಒಮ್ಮೆಲೇ ಬಹಳ ಕೊಟ್ಟರೆ ಹಂಡೆಯಲ್ಲಿ ಹುಳಿ ಏರಿ ಆ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಮೆಲುಕು ನಿಲ್ಲುತ್ತದೆ, ದನ ಉಳಿಯುವುದೂ ಕಷ್ಟ. ಹಾಗಾಗಿ ಮದುವೆಮನೆಯಲ್ಲಿ ಉಳಿದ ಅನ್ನವನ್ನು ಪ್ರೀತಿಯಿಂದ ಹಟ್ಟಿಗೆ ಸುರಿಯಬೇಡಿ. ಹಲಸಿನ ಮರದ ಬುಡದಲ್ಲಿ ದನ ಬಿಡಬೇಡಿ.

ಮೆಲುಕು ನಿಂತಿತೇ? ನಾಳೆ ನೋಡುವಾ ಅನ್ನದೆ ಅಂದೇ ಡಾಕ್ಟರನ್ನು ಕರೆಸಿ.