ಹಳೆಯ ಬಂದೂಕು, ಎರಕದ ಗುಂಡು

ಕಲಬುರ್ಗಿಯ ಕೋಟೆಯನ್ನು ನೋಡಬಂದವರೆಲ್ಲರೂ ಅಲ್ಲಿಯ ಉದ್ದನೆಯ ತೋಪಿನ ಮುಂದೆ ಒಂದು ಗಳಿಗೆ ನಿಲ್ಲುವರು. 29 ಅಡಿ ಉದ್ದವೆಂದು ಖ್ಯಾತಿವೆತ್ತ ಆ ತೋಪನ್ನು ಕಂಡು ಬೆರಗಾಗುವರೇ ಹೊರತು, ಅದರ ಬಾಯಿಂದ ಹೊರಡುತ್ತಿದ್ದ ಗುಂಡು ಎಂಥದಾಗಿದ್ದಿತೆಂದು ಕೇಳುವವರು ವಿರಳ. ಲೋಕರೂಢಿಯೇ ಹಾಗೆ. ಕೋವಿಯನ್ನು ಎಲ್ಲರೂ ಹೊಗಳುವರು, ಗುಂಡನ್ನು ಮರೆಯುವರು. ಆದರೆ ಗುರಿಯನ್ನು ತಲುಪುವುದು ಕೋವಿಯಲ್ಲ, ಗುಂಡು. ಕೋವಿಯು ಅದಕ್ಕೆ ದಾರಿಯನ್ನು ತೋರಿಸಿ ಹಿಂದೆ ಉಳಿಯುವುದು.

ಆಳಂದದ ಹಳೆಯ ವಾಡೆಯೊಂದರಲ್ಲಿ, ಅಜ್ಜನ ಕಾಲದ ಲಿವರ್ ಬಂದೂಕೊಂದು ಪರವಾನಗಿಯ ಸಮೇತ ಮೊಮ್ಮಗನ ಕೈಗೆ ಬಂದಿರುವುದೆಂದು ಭಾವಿಸೋಣ. ಆತನ ಹೊಲವು ಅಫಜಲಪುರದ ಕಡೆಗೆ ಭೀಮೆಯ ದಂಡೆಯಲ್ಲಿದೆ. ರಾತ್ರಿಯಾದರೆ ಕಾಡುಹಂದಿಗಳು ಕಬ್ಬಿನೊಳಗೆ ನುಗ್ಗುತ್ತವೆ. ಜೇವರ್ಗಿಯಲ್ಲಿರುವ ನೆಂಟರ ತೊಗರಿಗೂ ಅದೇ ಕಾಟ. “ಈ ಬಂದೂಕಿಗೆ ಸೀಸದ ಗುಂಡನ್ನು ಎರಕ ಹೊಯ್ದು ಉಪಯೋಗಿಸಬಹುದೆ? ಉಪಯೋಗಿಸುವುದಾದರೆ ಎಂಥ ಗುಂಡು?” ಎಂಬುದು ಅವನ ಪ್ರಶ್ನೆ. ಇದಕ್ಕೆ ವಿದ್ಯೆಯ ಉತ್ತರವೊಂದುಂಟು, ಕಾನೂನಿನ ಉತ್ತರವೊಂದುಂಟು. ಎರಡನ್ನೂ ಕೂಡಿಸಿ ತಿಳಿದಲ್ಲದೆ ಉತ್ತರವು ಪೂರ್ಣವಾಗದು.

ಈ ಸೀಮೆಗೆ ಸೀಸದ ಗುಂಡು ಹೊಸತಲ್ಲ. ನೆರೆಯ ಸುರಪುರದ ಬೇಡರು ಗುರಿಕಾರಿಕೆಗೆ ಹೆಸರಾದವರು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಹೊರಟಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದಕ್ಕಾಗಿಯೇ ದಂಗೆಯೆದ್ದರು. ಆ ಕಾಲದ ಬತ್ತಿಕೋವಿಗೆ ಗೋಲಿಯಂತಹ ದುಂಡು ಗುಂಡು ಸಾಕಾಗಿತ್ತು. ಮೆತ್ತನೆಯ ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ದರೆ ಕೆಲಸವಾಗುತ್ತಿತ್ತು. ನಳಿಗೆಯ ಒಳಗೋಡೆಯಲ್ಲಿ ಸುರುಳಿ ಗೀರುಗಳನ್ನು ಕೊರೆದು ಗುಂಡನ್ನು ಬುಗುರಿಯಂತೆ ತಿರುಗಿಸುವ ರೈಫಲ್ಲು ಬಳಕೆಗೆ ಬಂದ ಮೇಲೆ, ಗುಂಡಿನ ವಿಚಾರವು ಅಷ್ಟು ಸುಲಭವಾಗಿ ಉಳಿಯಲಿಲ್ಲ.

ಲಿವರ್ ಬಂದೂಕೆಂದರೆ, ಹಿಡಿಯ ಕೆಳಗಿರುವ ಕಬ್ಬಿಣದ ಬಳೆಯನ್ನು ಕೆಳಕ್ಕೆ ನೂಕಿ ಮೇಲಕ್ಕೆಳೆದರೆ ಹಾರಿಸಿದ ತೋಟೆಯು ಹೊರಬಿದ್ದು ಹೊಸ ತೋಟೆಯು ಒಳಸೇರುವ ಬಂದೂಕು. ಅಮೇರಿಕೆಯ ವಿಂಚೆಸ್ಟರ್ ಕಂಪನಿಯು 1873, 1886, 1892 ಮತ್ತು 1894ರ ಮಾದರಿಗಳಿಂದ ಇದನ್ನು ಜಗತ್ಪ್ರಸಿದ್ಧಗೊಳಿಸಿತು; ಇವುಗಳಲ್ಲಿ ಕೊನೆಯ ಮೂರನ್ನು ರಚಿಸಿದವನು ಜಾನ್ ಬ್ರೌನಿಂಗ್. ಇವುಗಳ ಮುಖ್ಯ ಲಕ್ಷಣವೆಂದರೆ, ನಳಿಗೆಯ ಕೆಳಗೆ ಇನ್ನೊಂದು ಕೊಳವೆಯಿದ್ದು ಅದರಲ್ಲಿ ತೋಟೆಗಳು ಒಂದರ ಹಿಂದೊಂದು ಸಾಲಾಗಿ ಮಲಗಿರುವುದು. ಹಿಂದಿನ ತೋಟೆಯ ಗುಂಡಿನ ಮೂತಿಯು ಮುಂದಿನ ತೋಟೆಯ ಬುಡದಲ್ಲಿರುವ ಕೇಪನ್ನು ಮುಟ್ಟಿಕೊಂಡಿರುತ್ತದೆ. ಆ ಮೂತಿಯು ಮೊನಚಾಗಿದ್ದರೆ, ಹಾರಿಸುವಾಗ ಆಗುವ ಒದೆತಕ್ಕೆ ಅದು ಮೊಳೆಯಂತೆ ಕೇಪನ್ನು ಕುಟ್ಟಿ ಕೊಳವೆಯೊಳಗೇ ಸಿಡಿಸಬಹುದು. ಆದುದರಿಂದ ಇಂಥ ಬಂದೂಕಿಗೆ ಮೂತಿ ಚಪ್ಪಟೆಯಾದ ಗುಂಡೇ ಬೇಕು. ಗುಂಡಿನ ಆಯ್ಕೆಯಲ್ಲಿ ಇದು ಮೊದಲನೆಯ ನಿಯಮ, ಇದಕ್ಕೆ ರಿಯಾಯಿತಿಯಿಲ್ಲ.

ಚಪ್ಪಟೆ ಮೂತಿಯಿಂದ ಇನ್ನೊಂದು ಪ್ರಯೋಜನವೂ ಉಂಟು. ಎರಕದ ಗುಂಡು ವೇಗದಲ್ಲಿ ಹಿಂದುಳಿದುದು. ಅಗಲವಾದ ಮುಖವಿದ್ದರೆ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುವುದು. ದುಂಡು ಮೂತಿಯು ಮಾಂಸವನ್ನು ಸರಿಸಿಕೊಂಡು ಜಾರಿಹೋಗುವಲ್ಲಿ ಚಪ್ಪಟೆ ಮೂತಿಯು ನೇರವಾಗಿ ಹಾದುಹೋಗಿ ಬೇಗನೆ ಪ್ರಾಣ ತೆಗೆಯುವುದು.

ಎರಡನೆಯದು ಗಾತ್ರ. 1894ರ ಮಾದರಿಯ ಸಾಮಾನ್ಯ ತೋಟೆಯಾದ ಥರ್ಟಿ-ಥರ್ಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ನಳಿಗೆಯ ಗೀರುಗಳ ತಳದ ವ್ಯಾಸವು 0.308 ಅಂಗುಲ. ತಾಮ್ರದ ಹೊದಿಕೆಯ ಗುಂಡಾದರೆ ಅಷ್ಟೇ ಗಾತ್ರವು ಸಾಕು. ಎರಕದ ಗುಂಡು ಮಾತ್ರ ಅಂಗುಲದ ಸಾವಿರದ ಒಂದೆರಡು ಭಾಗದಷ್ಟು ದೊಡ್ಡದಾಗಿ, ಅಂದರೆ 0.309 ಅಥವಾ 0.310 ಅಂಗುಲವಾಗಿ, ಇರಬೇಕು. ಚಿಕ್ಕದಾದರೆ ಮದ್ದಿನ ಉರಿಗಾಳಿಯು ಗುಂಡಿನ ಪಕ್ಕದಲ್ಲಿ ನುಸುಳಿ ಸೀಸವನ್ನು ಕರಗಿಸಿ ನಳಿಗೆಗೆ ಮೆತ್ತುವುದು; ಆಮೇಲೆ ಗುರಿಯೆಂಬುದು ಉಳಿಯದು. ನಳಿಗೆಗೆ ಸೀಸ ಹಿಡಿಯಿತೆಂದರೆ ಗುಂಡು ಮೆತ್ತಗಾಯಿತೆಂದು ಜನರು ದೂರುವರು. ಹೆಚ್ಚಿನ ವೇಳೆ ತಪ್ಪಿರುವುದು ಗಾತ್ರದಲ್ಲಿ. ಹಳೆಯ ನಳಿಗೆಗಳು ಸವೆದು ಅಳತೆ ಬದಲಾಗಿರುವುದೂ ಉಂಟು. ಆದುದರಿಂದ ಬಂದೂಕು ಬರಿದಾಗಿದೆಯೆಂದು ಖಚಿತಮಾಡಿಕೊಂಡು, ಎಣ್ಣೆ ಸವರಿದ ಮೆತ್ತನೆಯ ಸೀಸದ ತುಣುಕೊಂದನ್ನು ನಳಿಗೆಯಲ್ಲಿ ಹಾಯಿಸಿ, ಹೊರಬಂದ ತುಣುಕನ್ನು ಅಳೆದು ನೋಡುವುದು ಬಲ್ಲವರ ಕ್ರಮ.

ಮೂರನೆಯದು ಲೋಹದ ಪಾಕ. ಇದು ಕೇವಲ ಸೀಸದ ಕಥೆಯಲ್ಲ. ಶುದ್ಧ ಸೀಸವು 327 ಡಿಗ್ರಿ ಶಾಖಕ್ಕೆ ಕರಗುವುದು. ಗಡಸುತನವನ್ನು ಅಳೆಯುವ ಬ್ರಿನೆಲ್ ಮಾನದಲ್ಲಿ ಅದು ಸುಮಾರು 5. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿದರೆ ಗಡಸುತನವು ಸುಮಾರು 10ಕ್ಕೇರುವುದು. ತವರವು ಪಾಕವನ್ನು ತೆಳುವಾಗಿಸಿ ಅಚ್ಚಿನ ಮೂಲೆಮೂಲೆಗೂ ಹರಿಯಿಸುವುದು. ಆಂಟಿಮನಿಯು ಅದನ್ನು ಗಡಸುಮಾಡುವುದು. ಅಕ್ಷರದ ಮೊಳೆಗಳನ್ನು ಕೈಯಿಂದ ಜೋಡಿಸಿ ಪತ್ರಿಕೆಗಳನ್ನು ಅಚ್ಚುಹಾಕುತ್ತಿದ್ದ ಕಾಲವನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿರಬಹುದು. ಆ ಮೊಳೆಗಳೂ ಇದೇ ಮೂರು ಲೋಹಗಳ ಮಿಶ್ರಣವೇ. ಲೈನೋಟೈಪ್ ಯಂತ್ರದ ಲೋಹದಲ್ಲಿ ನೂರಕ್ಕೆ 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ಅದರ ಗಡಸುತನವು ಸುಮಾರು 22. ಸಾವಿರ ಸಲ ಒತ್ತಿಸಿಕೊಂಡರೂ ಅಂಚು ಸವೆಯದಿರಲೆಂದು ಅದನ್ನು ಹಾಗೆ ಮಾಡಿರುವರು.

ಹಾಗಾದರೆ ಅದೇ ಲೋಹವು ಗುಂಡಿಗೂ ಒಳ್ಳೆಯದಲ್ಲವೆ ಎಂದು ಕೇಳಬಹುದು. ಹಲಗೆಯ ಗುರಿಗೆ ಹೊಡೆಯಲು ಒಳ್ಳೆಯದೇ ಸರಿ. ಬೇಟೆಗೆ ಸಲ್ಲದು. ಅತಿ ಗಡಸಾದ ಲೋಹವು ಪೆಡಸು; ಎಲುಬನ್ನು ತಾಗಿದರೆ ಒಡೆದು ಚೂರಾಗುವುದು, ತಾಗದಿದ್ದರೆ ಅರಳದೆ ಸೂಜಿಯಂತೆ ಹಾದುಹೋಗುವುದು. ಅತಿ ಮೆತ್ತನೆಯ ಸೀಸವಾದರೆ ಗೀರುಗಳ ಹಿಡಿತಕ್ಕೆ ನಿಲ್ಲದೆ ಜಾರುವುದು. ರೊಟ್ಟಿ ಬಡಿಯುವ ತಾಯಿಯು ಜೋಳದ ಹಿಟ್ಟಿಗೆ ಬಿಸಿನೀರಿನ ಹದವನ್ನು ಕೈಯಿಂದಲೇ ಅರಿಯುವಂತೆ, ಇಲ್ಲಿಯೂ ಹದವು ನಡುವೆ ಇರುವುದು. ಲಿವರ್ ಬಂದೂಕಿನ ಸಾಧಾರಣ ವೇಗಕ್ಕೆ ಬ್ರಿನೆಲ್ ಮಾನದಲ್ಲಿ 10ರಿಂದ 12ರವರೆಗಿನ ಪಾಕವು ಬೇಟೆಗೆ ಯುಕ್ತವೆಂದು ಅನುಭವಿಗಳ ಮತ.

ನಾಲ್ಕನೆಯದು ತೂಕ ಮತ್ತು ವೇಗ. ಥರ್ಟಿ-ಥರ್ಟಿಗೆ ರೂಢಿಯ ಗುಂಡು 170 ಗ್ರೇನು. ನಮ್ಮ ಹಳೆಯ ತೊಲವು 180 ಗ್ರೇನಾದುದರಿಂದ, ಒಂದು ತೊಲಕ್ಕೆ ತುಸು ಕಡಿಮೆಯೆನ್ನಬಹುದು. ಬುಡವು ಬರಿದಾಗಿದ್ದರೆ ಸೆಕೆಂಡಿಗೆ ಸುಮಾರು 1400 ಅಡಿಯ ವೇಗದವರೆಗೆ ಅದು ಶಿಸ್ತಾಗಿ ಹೋಗುವುದು. ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲೊಂದನ್ನು ತೊಡಿಸಿದರೆ ಉರಿಗಾಳಿಯ ಹೊಡೆತವು ಸೀಸಕ್ಕೆ ತಗುಲದೆ 1800 ಅಡಿಗೂ ಮೇಲಕ್ಕೆ ಏರಿಸಬಹುದು. ಮೈಮೇಲಿನ ಗೀರುಗಳಲ್ಲಿ ಜೇನುಮೇಣವನ್ನು ಕೊಬ್ಬು ಅಥವಾ ಎಣ್ಣೆಯೊಡನೆ ಕಲಸಿ ತುಂಬುವುದು ಜಾರುವಿಕೆಗಾಗಿ.

ಇಷ್ಟೆಲ್ಲ ಸರಿಯಾಗಿದ್ದರೂ ನಮ್ಮ ಎರೆಯ ಬಯಲು ಬೇರೊಂದು ತೊಡಕನ್ನು ಒಡ್ಡುವುದು. ಇಂಥ ಬಂದೂಕುಗಳು ದಟ್ಟಡವಿಯಲ್ಲಿ ಹತ್ತಿರದ ಗುರಿಗೆ ಒಪ್ಪುವಂಥವು. ಆಳಂದದಿಂದ ಜೇವರ್ಗಿಯವರೆಗಿನ ಸೀಮೆಯೋ ಬಹುಪಾಲು ಕಣ್ಣೋಟಕ್ಕೆ ಅಡ್ಡಿಯಿಲ್ಲದ ಬಯಲು. ಸೆಕೆಂಡಿಗೆ 1800 ಅಡಿಯ ವೇಗದಿಂದ ಹೊರಟ ಗುಂಡನ್ನು 100 ಗಜಕ್ಕೆ ಸರಿಯಾಗಿ ಗುರಿಯಿಟ್ಟಿದ್ದರೆ, 200 ಗಜದಲ್ಲಿ ಅದು ಒಂದು ಅಡಿಗೂ ಮಿಗಿಲಾಗಿ ಕೆಳಗೆ ಬೀಳುವುದು. ಹಂದಿಯ ಎದೆಗೂಡಿನ ಮರ್ಮಸ್ಥಾನವಾದರೋ ಒಂದು ಗೇಣಿನಷ್ಟು. ಹೀಗಿರಲಾಗಿ ಬಯಲಿನಲ್ಲಿ ದೂರದಿಂದ ಹಾರಿಸಿದವನು ಪ್ರಾಣಿಯನ್ನು ಕೊಲ್ಲುವುದಿಲ್ಲ. ಅದರ ಕಾಲನ್ನು ಮುರಿಯುತ್ತಾನೆ, ಇಲ್ಲವೆ ದವಡೆಯನ್ನು ಒಡೆಯುತ್ತಾನೆ. ಇದಲ್ಲದೆ, ಬಯಲಿನಲ್ಲಿ ಗುರಿತಪ್ಪಿದ ಗುಂಡನ್ನು ತಡೆಯಲು ಗುಡ್ಡವಿಲ್ಲ. ಮುಂದಿನ ಹೊಲದಲ್ಲಿ ಯಾರಾದರೂ ನೀರು ಕಟ್ಟುತ್ತಿರಬಹುದು.

ಗಾಯಗೊಂಡ ಪ್ರಾಣಿಯ ವಿಷಯವು ಸಣ್ಣದಲ್ಲ. 436 ಜನರನ್ನು ಕೊಂದಿತೆಂದು ಲೆಕ್ಕವಿರುವ ಚಂಪಾವತದ ಹೆಣ್ಣುಹುಲಿಯನ್ನು 1907ರಲ್ಲಿ ಜಿಮ್ ಕಾರ್ಬೆಟ್ಟರು ಕೊಂದು ನೋಡಿದಾಗ, ಅದರ ಬಲಗಡೆಯ ಕೋರೆಹಲ್ಲುಗಳು ಯಾರದೋ ಹಳೆಯ ಗುಂಡಿನಿಂದ ಮುರಿದಿದ್ದುವು. ಸಹಜವಾದ ಬೇಟೆಯನ್ನಾಡಲಾರದೆ ಅದು ಮನುಷ್ಯರ ಮೇಲೆ ಬಿದ್ದಿತೆಂದು ಅವರ ಅಭಿಪ್ರಾಯ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ನರು (1910–1974) ದಕ್ಷಿಣದ ಕಾಡುಗಳಲ್ಲಿ ನರಭಕ್ಷಕಗಳನ್ನು ಹಿಂಬಾಲಿಸುತ್ತಿದ್ದುದು ಲಿವರ್ ಬಂದೂಕಿನಿಂದಲೇ. ವಿಂಚೆಸ್ಟರಿನ 1895ರ ಮಾದರಿ,.405ರ ತೋಟೆ. ಆ ಮಾದರಿಯಲ್ಲಿ ತೋಟೆಗಳು ಕೊಳವೆಯಲ್ಲಿರದೆ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕುಳಿತಿರುವುದರಿಂದ ಮೊನೆಯ ಭಯವಿಲ್ಲ. ಅವರು ಹಾರಿಸುತ್ತಿದ್ದುದು ಸಮೀಪದಿಂದ.

ಇನ್ನು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ವಿನೋದದ ಬೇಟೆಯ ಕಾಲವು ಮುಗಿಯಿತು. ನಮ್ಮ ಬಯಲಿನ ಚಿಗರಿಯು, ಎಂದರೆ ಕೃಷ್ಣಮೃಗವು, ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದವರಿಗೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಸೆರೆಮನೆ. ಬೆಳೆಗೆ ಹಾನಿಮಾಡುವ ಕಾಡುಹಂದಿಯ ವಿಷಯದಲ್ಲಿ, ಅಧಿಕಾರವುಳ್ಳ ಅರಣ್ಯಾಧಿಕಾರಿಯು ಕಾರಣವನ್ನು ಕಾಣಿಸಿ ಬರಹದ ಅಪ್ಪಣೆಯನ್ನು ಕೊಡಲು 11ನೆಯ ಪ್ರಕರಣದಲ್ಲಿ ಅವಕಾಶವಿದೆ. ಅಪ್ಪಣೆಯಿಲ್ಲದೆ ಹಾರಿಸಿದರೆ ಅಪರಾಧ; ಅಪ್ಪಣೆಯಿಂದ ಕೊಂದರೂ ಪ್ರಾಣಿಯು ಸರ್ಕಾರದ ಸ್ವತ್ತು, ಅಡಿಗೆಮನೆಗೆ ಬರತಕ್ಕದ್ದಲ್ಲ. 1959ರ ಆಯುಧ ಕಾಯಿದೆಯ ಮೇರೆಗೆ ಮದ್ದುಗುಂಡುಗಳನ್ನು ತಯಾರಿಸುವುದಕ್ಕೆ ಬೇರೆಯೇ ಪರವಾನಗಿ ಬೇಕು. ಅಜ್ಜನ ಹೆಸರಿನ ಪರವಾನಗಿಯು ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ತನ್ನ ಹೆಸರಿನಲ್ಲಿ ಪಡೆಯುವವರೆಗೆ ಬಂದೂಕನ್ನು ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಇಡತಕ್ಕದ್ದು.

ಕಾನೂನು ಹೇಳದಿದ್ದರೂ ವಿವೇಕವು ಹೇಳುವ ಮಾತೊಂದಿದೆ. ಸೀಸವು ವಿಷ. ಕರಗಿಸುವಾಗ ಏಳುವ ಕಿಟ್ಟವೂ ಧೂಳೂ ಮನೆಯ ಮಕ್ಕಳ ಬುದ್ಧಿಗೇ ಕೇಡು. ಕಾದ ಸೀಸಕ್ಕೆ ಒಂದು ಹನಿ ನೀರು ಬಿದ್ದರೆ ಅದು ಹಬೆಯಾಗಿ ಸಿಡಿದು ಮುಖವನ್ನೇ ಸುಡುವುದು. ಬಯಲಿನಲ್ಲಿ ಬಿಟ್ಟ ಹೆಣದಲ್ಲಿ ಸೀಸದ ಚೂರು ಉಳಿದರೆ ಅದನ್ನು ತಿನ್ನುವ ಹದ್ದುಗಳಿಗೆ ಮೃತ್ಯು. ಈ ಕಾರಣದಿಂದಲೇ ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡನ್ನು ನಿಷೇಧಿಸಿರುವರು. ನಮ್ಮಲ್ಲಿ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧದಿಂದ ರಣಹದ್ದುಗಳು ಬಹುತೇಕ ಅಳಿದ ಮೇಲೆ, 2006ರಲ್ಲಿ ಆ ಔಷಧಕ್ಕೆ ತಡೆಯಾಯಿತು. ಉಳಿದ ಕೆಲವಕ್ಕೆ ಇನ್ನೊಂದು ವಿಷವನ್ನು ಉಣಿಸುವುದು ತರವಲ್ಲ. ಎರೆಹೊಲಗಳಿಂದಲೇ ಹೆಸರು ಪಡೆದ ಎರೆಭೂತ ಪಕ್ಷಿಯನ್ನು ನೆನೆಯಿರಿ. ಬೇಟೆಯೂ ಬಯಲಿನ ನಾಶವೂ ಸೇರಿ, ಇಂದು ಕರ್ನಾಟಕದಲ್ಲಿ ಅದು ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ.

ಆದುದರಿಂದ ವಾಡೆಯ ಮೊಮ್ಮಗನಿಗೆ ನಮ್ಮ ಉತ್ತರವಿಷ್ಟು. ಗುಂಡು ಚಪ್ಪಟೆ ಮೂತಿಯದಾಗಿರಲಿ, ನಳಿಗೆಗೆ ತುಸು ಬಿಗಿಯಾಗಿರಲಿ, ಪಾಕವು ನಡುಹದದ್ದಾಗಿರಲಿ, ಬುಡಕ್ಕೆ ತಾಮ್ರವಿರಲಿ, ದೂರವು ನೂರು ಗಜವನ್ನು ಮೀರದಿರಲಿ. ಆದರೆ ಅದಕ್ಕೂ ಮೊದಲು ಅಪ್ಪಣೆಯ ಕಾಗದವು ಕೈಯಲ್ಲಿರಲಿ. ಅದು ಬರುವವರೆಗೆ ಹೊಲದ ಸುತ್ತ ಬೇಲಿ ಹಾಕುವುದೂ, ಬೆಳೆಹಾನಿಯ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವುದೂ, ಊರವರು ಸರದಿಯ ಮೇಲೆ ರಾತ್ರಿ ಕಾಯುವುದೂ ಮೇಲು. ಬಂದೂಕು ವಾಡೆಯ ಗೋಡೆಯ ಮೇಲೆ ತೂಗಾಡುತ್ತಿದ್ದರೆ ಅಜ್ಜನ ಗೌರವಕ್ಕೆ ಕುಂದೇನೂ ಬಾರದು.