ಸ್ಪೆಷಲ್ ಎಜುಕೇಷನ್‌ನಲ್ಲಿ ಎಂ.ಇಡಿ. ಮಾಡಬೇಕಾ? ಫೀಸು ಕಟ್ಟೋ ಮೊದಲು ಇದನ್ನ ಓದಿ

ಹೊಳಲೂರು: ಡಿಗ್ರಿ ಮುಗೀತು, ಬಿ.ಇಡಿ.ನೂ ಆಯ್ತು. ಸರ್ಕಾರಿ ಶಿಕ್ಷಕರ ನೇಮಕಾತಿ ಯಾವಾಗ ಕರೀತಾರೋ ಗೊತ್ತಿಲ್ಲ. ಅಷ್ಟರಲ್ಲಿ ಯಾರೋ ಒಬ್ಬರು, 'ಸ್ಪೆಷಲ್ ಎಜುಕೇಷನ್‌ನಲ್ಲಿ ಎಂ.ಇಡಿ. ಮಾಡು, ಒಳ್ಳೆ ಡಿಮ್ಯಾಂಡ್ ಇದೆ' ಅಂತಾರೆ. ಹೊಳಲೂರು ಹೋಬಳಿ ಹಳ್ಳಿಗಳಿಂದ ದಿನಾ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಓದಿದವರು ಈ ಮಾತು ಒಮ್ಮೆಯಾದರೂ ಕೇಳಿರ್ತಾರೆ. ಡಿಮ್ಯಾಂಡ್ ಇರೋದು ನಿಜ. ಆದರೆ ತಪ್ಪು ಕೋರ್ಸಿಗೆ ಸೇರಿದರೆ ಎರಡು ವರ್ಷವೂ ಹೋಯ್ತು, ಅಪ್ಪ ಭತ್ತ ಮಾರಿ ತಂದ ದುಡ್ಡೂ ಹೋಯ್ತು.

ಹೆಸರು ಒಂದೇ, ಕೋರ್ಸು ಬೇರೆ

ಎಂ.ಇಡಿ. ಅಂದರೆ ಎಲ್ಲ ಒಂದೇ ಅಲ್ಲ. ಸಾಮಾನ್ಯ ಎಂ.ಇಡಿ. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತಿನ (ಎನ್‌ಸಿಟಿಇ) ಅಡಿ ಬರುತ್ತೆ. ಅದರಲ್ಲಿ ಸಮನ್ವಯ ಶಿಕ್ಷಣದ ಬಗ್ಗೆ ಒಂದೆರಡು ಪೇಪರ್ ಇರಬಹುದು. ಅಷ್ಟಕ್ಕೇ ಓದಿದವರು ವಿಶೇಷ ಶಿಕ್ಷಕರು ಆಗಲ್ಲ. ಇನ್ನೊಂದು ಎಂ.ಇಡಿ. ವಿಶೇಷ ಶಿಕ್ಷಣದ್ದು. ಇದಕ್ಕೆ ದೆಹಲಿಯ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಮಾನ್ಯತೆ ಬೇಕು.

ವಿಶೇಷ ಎಂ.ಇಡಿ.ಗೆ ಸೇರೋಕೆ ಎರಡು ದಾರಿ. ಒಂದೋ ವಿಶೇಷ ಶಿಕ್ಷಣದಲ್ಲೇ ಬಿ.ಇಡಿ. ಆಗಿರಬೇಕು. ಇಲ್ಲಾಂದ್ರೆ ಸಾಮಾನ್ಯ ಬಿ.ಇಡಿ. ಜೊತೆ ವಿಶೇಷ ಶಿಕ್ಷಣದ ಡಿಪ್ಲೊಮಾ (ಡಿ.ಇಡಿ.) ಇರಬೇಕು. 50 ಪರ್ಸೆಂಟ್ ಮಾರ್ಕ್ಸ್ ಬೇಕು, ಮೀಸಲಾತಿಯವರಿಗೆ ನಿಯಮದ ಪ್ರಕಾರ ಸಡಿಲಿಕೆ ಇರುತ್ತೆ. ಬರೀ ಸಾಮಾನ್ಯ ಬಿ.ಇಡಿ. ಇಟ್ಟುಕೊಂಡು ನೇರ ಸೇರೋಕಾಗಲ್ಲ. 'ಪರವಾಗಿಲ್ಲ, ಸೇರಿಸ್ಕೋತೀವಿ' ಅಂತ ಯಾವುದಾದರೂ ಏಜೆಂಟ್ ಹೇಳಿದರೆ ಅಲ್ಲೇ ಅನುಮಾನ ಪಡಬೇಕು.

ಆ ನಂಬರ್ ಯಾಕೆ ಮುಖ್ಯ

1992ರ ಆರ್‌ಸಿಐ ಕಾಯ್ದೆ ಪ್ರಕಾರ ವಿಶೇಷ ಶಿಕ್ಷಕರ ಹೆಸರು ಕೇಂದ್ರ ಪುನರ್ವಸತಿ ರಿಜಿಸ್ಟರ್‌ನಲ್ಲಿ ಇರಬೇಕು. ಡಾಕ್ಟರ್‌ಗಳಿಗೆ ಮೆಡಿಕಲ್ ಕೌನ್ಸಿಲ್ ನಂಬರ್ ಇದ್ದ ಹಾಗೆ ಇದು. ನೋಂದಣಿ ಇಲ್ಲದೆ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಅಂತ 13ನೇ ಸೆಕ್ಷನ್ ಹೇಳುತ್ತೆ. ದಂಡದ ಮೊತ್ತ ನೋಡಿ ನಗು ಬರಬಹುದು. ನಿಜವಾದ ಪೆಟ್ಟು ಬೀಳೋದು ಕೆಲಸದ ಅರ್ಜಿಯಲ್ಲಿ. ನೋಂದಣಿ ಸಂಖ್ಯೆ ಬರೆಯೋ ಜಾಗ ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗಲ್ಲ. ಆರ್‌ಸಿಐ ಒಪ್ಪದ ಕೋರ್ಸು ಮಾಡಿದವರಿಗೆ ಈ ನಂಬರ್ ಸಿಗಲ್ಲ, ಕಾಲೇಜು ಎಷ್ಟೇ ದೊಡ್ಡದಿರಲಿ.

ಪಾಠ ಮಾಡೋಕೆ ಎಂ.ಇಡಿ. ಬೇಕಿಲ್ಲ

ಹೆಚ್ಚಿನವರು ಎಡವೋದು ಇಲ್ಲೇ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡೋದಷ್ಟೇ ಗುರಿಯಾದರೆ ವಿಶೇಷ ಡಿ.ಇಡಿ. ಅಥವಾ ವಿಶೇಷ ಬಿ.ಇಡಿ. ಸಾಕು. ಎಂ.ಇಡಿ. ಇರೋದು ಆ ಶಿಕ್ಷಕರನ್ನ ತಯಾರು ಮಾಡೋರಿಗೆ, ಅಂದರೆ ಟ್ರೈನಿಂಗ್ ಕಾಲೇಜಿನ ಉಪನ್ಯಾಸಕರಿಗೆ, ಸಂಶೋಧನೆ ಮಾಡೋರಿಗೆ, ದೊಡ್ಡ ಸಂಸ್ಥೆಗಳಲ್ಲಿ ಕಾರ್ಯಕ್ರಮ ನೋಡಿಕೊಳ್ಳೋರಿಗೆ. ಸಾಮಾನ್ಯ ಬಿ.ಇಡಿ. ಆದವರು ಎಂ.ಇಡಿ. ಬೆನ್ನು ಹತ್ತೋ ಬದಲು ವಿಶೇಷ ಡಿಪ್ಲೊಮಾ ಮಾಡಿದರೆ ಕೆಲಸವೂ ಬೇಗ, ಮುಂದೆ ಎಂ.ಇಡಿ. ಬಾಗಿಲೂ ತೆರೆದಿರುತ್ತೆ.

ಬಿ.ಇಡಿ. ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಎರಡು ವರ್ಷದ ವಿಶೇಷ ಬಿ.ಇಡಿ. ಬದಲು ನಾಲ್ಕು ವರ್ಷದ ಇಂಟಿಗ್ರೇಟೆಡ್ ಕೋರ್ಸಿಗೆ ಹೋಗೋದಾಗಿ ಆರ್‌ಸಿಐ 2024ರ ಜನವರಿಯಲ್ಲಿ ಪ್ರಕಟಿಸಿತ್ತು. ಅಣ್ಣನೋ ಅಕ್ಕನೋ ಐದು ವರ್ಷದ ಹಿಂದೆ ಹೋದ ದಾರಿ ಈಗ ಹಾಗೇ ಇರುತ್ತೆ ಅಂದ್ಕೋಬಾರದು.

ಡಿಮ್ಯಾಂಡ್ ಎಲ್ಲಿಂದ ಬಂತು

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಮೊದಲು 7 ಬಗೆಯ ಅಂಗವೈಕಲ್ಯ ಪಟ್ಟಿಯಲ್ಲಿತ್ತು, ಈಗ 21. ಆಟಿಸಂ, ಓದು-ಬರಹ ಕಲಿಯೋ ತೊಂದರೆ ಎಲ್ಲ ಸೇರಿದವು. ಶೇ. 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ.

2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಬೇಕು ಅಂದಿತು. 2025ರ ಮಾರ್ಚ್‌ನಲ್ಲಿ ಮತ್ತೆ, ರಾಜ್ಯಗಳು ಹುದ್ದೆ ಮಂಜೂರು ಮಾಡಿ ಅಧಿಸೂಚನೆ ಹೊರಡಿಸಿ ಅಂತ ಹೇಳಿತು. ಕೋರ್ಟ್ ಹೇಳಿದ ತಕ್ಷಣ ಹುದ್ದೆ ತುಂಬುತ್ತೆ ಅಂತ ನಂಬಿ ಸಾಲ ಮಾಡೋದು ಬೇಡ. ತುಂಬುವಾಗ ಕೇಳೋದು ಮಾತ್ರ ಆರ್‌ಸಿಐ ಅರ್ಹತೆಯನ್ನೇ.

ಎಲ್ಲಿ ಓದೋದು

ರಾಜ್ಯದಲ್ಲಿ ಹೆಸರಾಗಿರೋದು ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕಿವಿ ಕೇಳದ ಮಕ್ಕಳ ಶಿಕ್ಷಣದಲ್ಲಿ ಬಿ.ಇಡಿ., ಎಂ.ಇಡಿ. ಎರಡೂ ಅಲ್ಲಿವೆ, ಪದವಿ ಮೈಸೂರು ವಿಶ್ವವಿದ್ಯಾಲಯದ್ದು. ತಾಳಗುಪ್ಪ–ಮೈಸೂರು ರೈಲು ಶಿವಮೊಗ್ಗ, ಭದ್ರಾವತಿ ಮೇಲೇ ಹೋಗೋದರಿಂದ ಓಡಾಟ ಕಷ್ಟ ಇಲ್ಲ. ಬುದ್ಧಿಮಾಂದ್ಯ ಮಕ್ಕಳ ವಿಭಾಗಕ್ಕೆ ಸಿಕಂದರಾಬಾದ್‌ನ ಕೇಂದ್ರ ಸರ್ಕಾರಿ ಸಂಸ್ಥೆ (ಎನ್‌ಐಇಪಿಐಡಿ) ಇದೆ. ಎಂ.ಇಡಿ. ಎರಡು ವರ್ಷ, ನಾಲ್ಕು ಸೆಮಿಸ್ಟರ್, ಸಂಶೋಧನಾ ಪ್ರಬಂಧ ಬರೆಯಲೇಬೇಕು.

ಈ ಕೆಲಸ ತನಗೆ ಒಗ್ಗುತ್ತಾ ಅಂತ ತಿಳಿಯೋಕೆ ಮೈಸೂರಿಗೆ ಹೋಗಬೇಕಿಲ್ಲ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು ಇರ್ತಾರೆ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳ ಮನೆಗೇ ಹೋಗಿ ಕಲಿಸೋದೂ ಇವರೇ. ಅವರ ಅನುಮತಿ ಕೇಳಿ ಒಂದು ವಾರ ಜೊತೆಯಲ್ಲಿ ಓಡಾಡಿದರೆ ಪ್ರಾಸ್ಪೆಕ್ಟಸ್‌ನಲ್ಲಿ ಇಲ್ಲದ್ದು ಗೊತ್ತಾಗುತ್ತೆ. ಒಂದು ಮಗು ಚಮಚ ಹಿಡಿಯೋದು ಕಲಿಯೋಕೆ ಆರು ತಿಂಗಳು ಬೇಕಾಗಬಹುದು.

ಫೀಸು ಕಟ್ಟೋ ಮೊದಲು ಮಾಡಬೇಕಾದ್ದು ಇಷ್ಟೇ. ಆರ್‌ಸಿಐ ವೆಬ್‌ಸೈಟ್‌ನ ಮಾನ್ಯತೆ ಪಟ್ಟಿಯಲ್ಲಿ ಕಾಲೇಜಿನ ಹೆಸರು ಹುಡುಕಿ. ಹೆಸರಿದ್ದರೆ ಸಾಲದು. ಸೇರೋ ಕೋರ್ಸು ಯಾವುದು, ಯಾವ ವಿಭಾಗ, ಮಾನ್ಯತೆ ಯಾವ ವರ್ಷದವರೆಗೆ ಅಂತ ಮೂರನ್ನೂ ನೋಡಿ. ಮೊಬೈಲ್‌ನಲ್ಲಿ ಆಗದಿದ್ದರೆ ಅರ್ಜಿ ಹಾಕೋ ಸೈಬರ್ ಅಂಗಡಿಯಲ್ಲೇ ತೆಗೆಸಿ, ಆ ಪುಟದ ಪ್ರಿಂಟ್ ಒಂದು ಇಟ್ಟುಕೊಳ್ಳಿ.