ಪತ್ತನಾಜೆಗೆ ಮುನ್ನ ಒಂದು ಯೆಜ್ಡಿ

ಮೈಸೂರಿನಿಂದ ಹೊರಟು ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರುಗಳನ್ನು ಹಾಯ್ದು ಬರುವ ಹೆದ್ದಾರಿಯು ಮಂಗಳೂರು–ಬೆಂಗಳೂರು ಮಾರ್ಗವನ್ನು ಕೂಡಿಕೊಳ್ಳುವ ಮಾಣಿಯ ಸಂಧಿಸ್ಥಾನದಿಂದ ಅನತಿದೂರದಲ್ಲಿ, ಅಡಿಕೆ ತೋಟದ ಅಂಚಿನ ಮನೆಯೊಂದರ ಜಗಲಿಯ ಮೇಲೆ, ಅದೇ ಮೈಸೂರಿನಲ್ಲಿ ಹುಟ್ಟಿ ಅದೇ ಮಾರ್ಗವಾಗಿ ಇಳಿದುಬಂದ ಯೆಜ್ಡಿ ಬೈಕೊಂದರ ಅಂಗೋಪಾಂಗಗಳೆಲ್ಲ ಗೋಣಿಚೀಲದ ಮೇಲೆ ಕ್ರಮವಾಗಿ ಹರವಲ್ಪಟ್ಟಿದ್ದುದನ್ನು ಕಂಡಂದಿನಿಂದ, ವಾಹನದ ಉಪಚಾರವೂ ಗೃಹಕೃತ್ಯಗಳಲ್ಲೊಂದೆಂಬ ನನ್ನ ಹಳೆಯ ಅಭಿಪ್ರಾಯವು ಹಟವಾಗಿಯೇ ಪರಿಣಮಿಸಿದೆ.

ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ವಿರಮಿಸುತ್ತವೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಸೌದೆ ಒಳಸೇರಿಸುವ, ಮಾಡಿನ ಹೆಂಚು ಸರಿಪಡಿಸುವ ಆತುರವೂ ಆಗಲೇ. ಈ ಮನೆಯಲ್ಲಿ ಪತ್ತನಾಜೆಗೆ ಮುಂಚಿನ ವಾರವು ವಾಹನಗಳಿಗೆ ಮೀಸಲು. ಮಗನ ಕಾರು, ಸೊಸೆಯ ಸ್ಕೂಟರು, ಯಜಮಾನರ ಯೆಜ್ಡಿ, ಹೀಗೆ ಮೂರು. ಕಾರಿಗೆ ಬೇಕಾಗುವುದು ಅಲ್ಪವೇ: ಬ್ಯಾಟರಿಯ ಟರ್ಮಿನಲ್ಲುಗಳಿಗೆ ವ್ಯಾಸಲೀನಿನ ಲೇಪ, ವೈಪರಿನ ರಬ್ಬರು, ಟಯರಿನ ಗೀರುಗಳು ಕಾನೂನು ವಿಧಿಸಿದ 1.6 ಮಿ.ಮೀ. ಆಳಕ್ಕಿಂತ ಸವೆದಿಲ್ಲವೆಂಬ ಖಾತರಿ, ಮತ್ತು ಏರ್ ಫಿಲ್ಟರಿನ ಶುಚಿ. ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗಿನ ಚತುಷ್ಪಥ ಕಾಮಗಾರಿ ಕುಂಟುತ್ತ ಸಾಗಿದ ವರ್ಷಗಳಲ್ಲಿ ಕಲ್ಲಡ್ಕಕ್ಕೆ ಹೋಗಿ ಒಂದು ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿದು ಬರುವಷ್ಟರಲ್ಲಿ ಕೆಂಪು ಧೂಳಿನ ಸ್ನಾನವಾಗುತ್ತಿತ್ತೆಂಬುದನ್ನು ಬಲ್ಲವರಿಗೆ ಈ ಕೊನೆಯ ಬಾಬಿನ ಮಹತ್ವವನ್ನು ವಿವರಿಸಬೇಕಿಲ್ಲ.

ನಿಜವಾದ ಕರ್ಮಕಾಂಡವು ಯೆಜ್ಡಿಯದು. ಇದು ಎರಡು ಸ್ಟ್ರೋಕಿನ ಯಂತ್ರವಾದುದರಿಂದ ಪೆಟ್ರೋಲಿನೊಡನೆ ಎಣ್ಣೆಯನ್ನೂ ಉರಿಸುತ್ತದೆ. ಲೀಟರಿಗೆ 40 ಮಿ.ಲೀ. ಪ್ರಮಾಣದ ಆ ಎಣ್ಣೆಯನ್ನು ಯಜಮಾನರು ಅಳೆಯುವುದು ಕೆಮ್ಮಿನ ಔಷಧದ ಸೀಸೆಯ ಮುಚ್ಚಳದಿಂದ. ಉರಿದುಳಿದ ಮಸಿಯು ಸೈಲೆನ್ಸರಿನೊಳಗೆ ಗಟ್ಟಿಯಾಗಿ ಹೆಪ್ಪುಗಟ್ಟಿ ಹೊಗೆಯ ದಾರಿಯನ್ನು ಕಟ್ಟಿಹಾಕುವುದರಿಂದ ಬಂಡಿಯು ಏರಿನಲ್ಲಿ ಏದುಸಿರು ಬಿಡತೊಡಗುತ್ತದೆ. ಇದಕ್ಕೆ ಇಲ್ಲಿಯ ಪರಿಹಾರವೇನೆಂದರೆ, ಎರಡೂ ಸೈಲೆನ್ಸರುಗಳ ಒಳನಳಿಕೆಗಳನ್ನು ಹೊರಗೆಳೆದು, ತೆಂಗಿನ ಸಿಪ್ಪೆ, ಅಡಿಕೆಯ ಸೋಗೆಗಳು ಧಗಧಗಿಸುವ ಬಚ್ಚಲೊಲೆಯೊಳಗೆ ಕೆಂಪಗೆ ಕಾಯಿಸಿ, ಆರಿದ ಮೇಲೆ ಕಲ್ಲಿಗೆ ತಟ್ಟುವುದು. ಮನೆಮಂದಿಯ ಸ್ನಾನದ ನೀರೂ ಅದೇ ಬೆಂಕಿಯಲ್ಲಿ ಕಾಯುತ್ತದೆ. ಸಿಲಿಂಡರಿನ ಹೊಗೆಬಾಯಿಯ ಮಸಿಯನ್ನು ಮಾತ್ರ ಉಕ್ಕಿನಿಂದ ಕೆರೆಯದೆ ಮರದ ಚಕ್ಕೆಯಿಂದ ಕೆರೆಯುತ್ತಾರೆ. ಅಲ್ಯೂಮಿನಿಯಮಿನ ಪಿಸ್ಟನ್ನಿಗೆ ಗೀರು ಬೀಳಬಾರದಲ್ಲ. ಇಗ್ನಿಷನ್ನಿನ ಪಾಯಿಂಟುಗಳ ಅಂತರ 0.4 ಮಿ.ಮೀ.; ಅದನ್ನು ಗೇಜು ತೂರಿಸಿ ನೋಡುವ ಕಾರ್ಯವನ್ನು ಹತ್ತನೆಯ ತರಗತಿಯ ಮೊಮ್ಮಗನಿಗೆ ಒಪ್ಪಿಸಲಾಗಿದೆ.

ಆದರೆ ನನ್ನ ಮನಸ್ಸನ್ನು ಸೆರೆಹಿಡಿದದ್ದು ಎಡಪಾದದ ಬಳಿಯ ಒಂದು ಲಿವರು. ಅನ್ಯ ಬೈಕುಗಳಲ್ಲಿ ಗೇರಿಗೊಂದು, ಕಿಕ್ಕಿಗೊಂದು ಎಂದು ಎರಡು ಸಲಕರಣೆಗಳಿದ್ದರೆ, ಇಲ್ಲಿ ಗೇರಿನ ಲಿವರನ್ನೇ ಎಂಜಿನಿನ ಕಡೆಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಎಂಜಿನ್ನು ಎಚ್ಚರಗೊಂಡ ಬಳಿಕ ಪಾದದಿಂದಲೇ ಮುಂದಕ್ಕೆ ತಳ್ಳಿದರೆ ಪುನಃ ಗೇರಾಗಿ ನಮ್ರವಾಗಿ ಮಲಗುತ್ತದೆ. ಒಂದೇ ಮೇಳದಲ್ಲಿ ಪೂರ್ವರಾತ್ರಿಯಲ್ಲಿ ಸ್ತ್ರೀವೇಷವನ್ನೂ ಉತ್ತರರಾತ್ರಿಯಲ್ಲಿ ರಾಜವೇಷವನ್ನೂ ನಿರ್ವಹಿಸುವ ಕಲಾವಿದನಂತೆ ಇದು ನನಗೆ ಕಂಡಿತು. ಇಷ್ಟಕ್ಕೇ ಮುಗಿಯಲಿಲ್ಲ, ಗೇರು ಬದಲಾಗುವ ಮುನ್ನವೇ ಅದೇ ಲಿವರಿನ ತಿರುವು ಒಳಗಿನ ಕ್ಯಾಮೊಂದರ ಮೂಲಕ ಕ್ಲಚ್ಚಿನ ಸಲಾಕೆಯನ್ನು ಒತ್ತುವುದರಿಂದ, ಸವಾರನು ಕೈಯ ಕ್ಲಚ್ಚನ್ನು ಮುಟ್ಟದೆಯೇ ಗೇರು ಬದಲಾಯಿಸಬಲ್ಲನು. ತಾರುಣ್ಯದಲ್ಲಿ ಎಡಗೈಯಲ್ಲಿ ಕೊಡೆ ಹಿಡಿದು ವಿಟ್ಲದವರೆಗೆ ಹೋದದ್ದುಂಟೆಂದು ಯಜಮಾನರು ಹೇಳುತ್ತಾರೆ, ನಾನು ನಂಬಲಾರೆ. ಕೈಯದೂ ಕಾಲಿನದೂ ಒತ್ತಡ ಒಂದೇ ಸಲಾಕೆಯ ಮೇಲೆ ಬೀಳುವ ಕಾರಣ ಅಲ್ಲಿಯ ತಿರುಪನ್ನು ಕೂದಲೆಳೆಯಷ್ಟು ಸಡಿಲವುಳಿಯುವಂತೆ ಹೊಂದಿಸಬೇಕು; ಬಿಗಿಯಾದರೆ ಕ್ಲಚ್ಚು ಜಾರುತ್ತದೆ, ಹೆಚ್ಚು ಸಡಿಲವಾದರೆ ಗೇರು ಗರಗರನೆ ಗೊಣಗುತ್ತದೆ. ಆ ತಿರುಪಿನ ಮುಂದೆ ಕುಳಿತು ನಾನು ಕಳೆದ ಹೊತ್ತನ್ನು ಕಂಡು ಮನೆಯೊಡತಿಯು ಊಟಕ್ಕೆ ಕರೆಯುವುದನ್ನೇ ಬಿಟ್ಟುಬಿಟ್ಟರು.

ಈ ಯಂತ್ರದ ಪೂರ್ವಚರಿತ್ರೆ ಪತ್ರಿಕೆಗಳ ತುಣುಕುಗಳಿಂದ ಅನೇಕರಿಗೆ ಪರಿಚಿತವೇ. ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿಯಿಂದ ಇರಾನಿ ಕುಟುಂಬದ ಐಡಿಯಲ್ ಜಾವಾ ಸಂಸ್ಥೆಯು 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಬೈಕು ತಯಾರಿಸತೊಡಗಿತು. ಮುಂದಿನ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ನಾಮಧೇಯವು ಪುನರವತರಿಸಿತಾದರೂ ಅದು ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುವ ನಾಲ್ಕು ಸ್ಟ್ರೋಕಿನ ಬೇರೆಯೇ ಜೀವಿ. ಗುಂಡಿ ಒತ್ತಿದರೆ ಹೊರಡುವ ಅದರಲ್ಲಿ ನನ್ನ ಲಿವರಿಗೆ ಸ್ಥಾನವಿಲ್ಲ.

ಹಳೆಯದೆಲ್ಲವೂ ಶ್ರೇಷ್ಠವೆಂದು ನಾನು ವಾದಿಸುತ್ತಿಲ್ಲ. ಜಗಲಿಯಲ್ಲಿ ಎಂಜಿನು ಆರಂಭವಾದ ಕ್ಷಣದಲ್ಲಿ ನೀಲಿ ಹೊಗೆಯು ಒಣಹಾಕಿದ ಬಟ್ಟೆಗಳವರೆಗೂ ವ್ಯಾಪಿಸಿತು, ಸೊಸೆಯ ಪ್ರತಿಭಟನೆಯು ನ್ಯಾಯಸಮ್ಮತವಾಗಿತ್ತು. ಇತ್ತೀಚೆಗೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನಿಂದ ಇನ್ನೊಂದು ಉಪದ್ರವವೂ ಒದಗಿದೆ: ಎಥನಾಲು ತೇವವನ್ನು ಹೀರುವ ಸ್ವಭಾವದ್ದು, ನೀರಿನ ಅಂಶ ಮಿತಿಮೀರಿದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ವಾರಗಟ್ಟಲೆ ಮೂಲೆ ಹಿಡಿಯುವ ಬೈಕಿಗೆ ಇದು ಹಿತವಲ್ಲವೆಂದು ಈ ಮನೆಯಲ್ಲಿ ಟ್ಯಾಂಕನ್ನೂ ಕಾರ್ಬ್ಯುರೇಟರಿನ ಬಟ್ಟಲನ್ನೂ ಬರಿದು ಮಾಡಿಯೇ ನಿಲ್ಲಿಸುತ್ತಾರೆ; ಹಳೆಯ ರಬ್ಬರು ನಳಿಕೆಯನ್ನೂ ಬದಲಿಸಿದ್ದಾರೆ.

ಸೊಸೆಯ ಸ್ಕೂಟರಿಗೆ ಈ ವಿಧಿಗಳಾವುವೂ ಇಲ್ಲ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್–6 ನಿಯಮಗಳ ತರುವಾಯ ಕಾರ್ಬ್ಯುರೇಟರುಗಳ ಸ್ಥಾನವನ್ನು ಇಲೆಕ್ಟ್ರಾನಿಕ್ ಇಂಜೆಕ್ಷನ್ ಆಕ್ರಮಿಸಿದೆ. ದೀಪವೊಂದು ಹಳದಿಯಾಗಿ ಮಿನುಗಿದರೆ ಅದರ ಅಭಿಪ್ರಾಯವನ್ನು ತಿಳಿಯಲು ಶೋರೂಮಿನ ಸ್ಕ್ಯಾನರೇ ಬೇಕು. ಹೊಗೆ ಕಡಿಮೆ, ಮೈಲೇಜು ಹೆಚ್ಚು, ಇದನ್ನು ಒಪ್ಪಲೇಬೇಕು. ಯಜಮಾನರೂ ಒಪ್ಪುತ್ತಾರೆ, ಆದರೆ ತಮ್ಮದೇ ರೀತಿಯಲ್ಲಿ: "ಅದು ಒಳ್ಳೆಯ ಗಾಡಿಯೇ ಮಾರಾಯ್ರೆ, ಇಲ್ಲ ಅಂತ ಹೇಳುವುದಿಲ್ಲ. ಆದ್ರೆ ಇದನ್ನು ಬಿಚ್ಚಿದ್ರೆ ಅರ್ಥ ಆಗ್ತದೆ, ಅದನ್ನು ಬಿಚ್ಚಿದ್ರೆ ವಾರಂಟಿ ಹೋಗ್ತದೆ."

ಒಂದು ವಿಷಯದಲ್ಲಿ ಮಾತ್ರ ನಮಗೆ ಸಹಮತವಾಗಲಿಲ್ಲ. ಗೇರ್‌ಬಾಕ್ಸಿನಿಂದ ಇಳಿಸಿದ ಕರಿ ಎಣ್ಣೆಯನ್ನು ಅವರು ಕೊಟ್ಟಿಗೆಯ ಮರದ ಕಂಬಗಳ ಬುಡಕ್ಕೆ ಬಳಿಯುತ್ತಾರೆ, ಗೆದ್ದಲು ಹತ್ತುವುದಿಲ್ಲವಂತೆ. ಕೊಟ್ಟಿಗೆಯಿಂದ ಇಳಿಜಾರಿನಲ್ಲಿ ತುಸುವೇ ಕೆಳಗೆ ಬಾವಿಯಿದೆಯೆಂದೂ, ಜೂನಿನ ಮೊದಲ ಮಳೆಗೇ ಆ ಎಣ್ಣೆಯು ಎತ್ತ ಹರಿಯುವುದೆಂದೂ ನಾನು ತೋರಿಸಿದೆ. ಮೊಮ್ಮಗನು ನನ್ನ ಪಕ್ಷ ವಹಿಸಿ, ಉಳಿದ ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿ, ಹಳೆ ಎಣ್ಣೆ ಕೊಳ್ಳುವವರು ಬರುವ ಪೇಟೆಯ ಗ್ಯಾರೇಜಿಗೆ ಒಯ್ಯುವೆನೆಂದನು. ಅಜ್ಜ ಅರ್ಧ ಡಬ್ಬಿಯನ್ನು ಮಾತ್ರ ಬಿಟ್ಟುಕೊಟ್ಟರು.